ಹೊಳೆಪ್ಪನ ಫೋಟೋ

ನಮ್ಮ ವರ್ಕ್‌ಶಾಪಿನ ಹೆಸರು ಊರಲ್ಲಿ ಯಾರಿಗೂ ನೆಟ್ಟಗೆ ಗೊತ್ತಿಲ್ಲ. ಬೋರ್ಡಿನ ಮೇಲೆ ಶ್ರೀ ಕಲ್ಮೇಶ್ವರ ಇಂಜಿನಿಯರಿಂಗ್ ವರ್ಕ್ಸ್ ಅಂತ ದೊಡ್ಡ ಅಕ್ಷರದಲ್ಲೇ ಬರೆಸಿದ್ದೇವೆ. ಆದರೆ ದುಮ್ಮವಾಡದ ಮಂದಿ ಕರೆಯುತ್ತಿದ್ದದ್ದು ಪ್ರಿಂಟಿನ ಅಂಗಡಿ ಅಂತ. ಪಹಣಿ ಬೇಕೆಂದರೆ ನಮ್ಮಲ್ಲಿ, ಮಕ್ಕಳ ಹಾಲ್ ಟಿಕೆಟ್ ಬೇಕೆಂದರೆ ನಮ್ಮಲ್ಲಿ, ಬೀಗರಿಗೆ ಕಳಿಸಲು ಹುಡುಗಿಯ ಫೋಟೋ ಬೇಕೆಂದರೂ ನಮ್ಮಲ್ಲಿ. ಯಾರೇ ಬಂದರೂ ನಮ್ಮ ಮನೆಯವರು, ಅಂದರೆ ಕಾಶಿನಾಥ, ಲೇತ್ ಬಂದ್ ಮಾಡಿ, ಎಣ್ಣೆಗೈ ಒರೆಸಿಕೊಂಡು ಬಂದು ಕಂಪ್ಯೂಟರ್ ಮುಂದೆ ಕೂಡುತ್ತಿದ್ದರು. ಇಲ್ಲ ಅನ್ನುವ ಮಾತು ಅವರ ಬಾಯಲ್ಲಿ ಹುಟ್ಟುವುದೇ ಇಲ್ಲ. ಮದುವೆಯಾದ ಹೊಸತರಲ್ಲಿ ನಾನು ಇದನ್ನೇ ದೊಡ್ಡ ಗುಣ ಅಂದುಕೊಂಡಿದ್ದೆ.

ನಮ್ಮ ಹೊಟ್ಟೆ ತುಂಬುತ್ತಿದ್ದದ್ದು ಪ್ರಿಂಟಿನಿಂದಲ್ಲ, ಬೆಳಗಾವಿಯ ಒಂದು ಕಂಪನಿಯ ಕೆಲಸದಿಂದ. ಆ ಕಂಪನಿ ಮಿಲಿಟರಿ ಗಾಡಿಗಳಿಗೆ ಬೇಕಾದ ದೊಡ್ಡ ಸಾಮಾನು ಮಾಡಿಕೊಡುತ್ತದೆ. ಅದರೊಳಗೆ ಕೂಡುವ ಬುಶ್, ಬ್ರಾಕೆಟ್‌ನಂಥ ಸಣ್ಣ ಸಾಮಾನುಗಳನ್ನು ನಮ್ಮಿಂದ ಮಾಡಿಸಿಕೊಳ್ಳುತ್ತಿತ್ತು. ಡ್ರಾಯಿಂಗ್ ನಮ್ಮ ಆಫೀಸಿನ ಕಂಪ್ಯೂಟರಿಗೆ ಬರುತ್ತಿತ್ತು, ಅಲ್ಲಿಂದ ಒಳಗಿನ ಮಷಿನ್ನಿಗೆ ಹೋಗುತ್ತಿತ್ತು. ಆಫೀಸು ಅಂದರೆ ಮತ್ತೇನಲ್ಲ, ಶೆಡ್ಡಿನ ಮೂಲೆಯಲ್ಲಿ ಗಾಜು ಹಾಕಿಸಿದ ಒಂದು ಗೂಡು, ಅದರಲ್ಲಿ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಮತ್ತು ನಾನು. ಆರೇಳು ಮನೆಗಳ ಒಲೆ ಆ ಕೆಲಸದ ಮೇಲೆ ಉರಿಯುತ್ತಿತ್ತು, ನಮ್ಮದೂ ಸೇರಿ.

ಹೋದ ವರ್ಷ ಕಂಪನಿಯವರು ಹೊಸ ಕರಾರು ತಂದರು. ಮಿಲಿಟರಿ ಕೆಲಸ ಮಾಡುವ ಸಣ್ಣಪುಟ್ಟ ವರ್ಕ್‌ಶಾಪಿನವರೂ ಇನ್ನು ಮೇಲೆ ಕಂಪ್ಯೂಟರ್ ಭದ್ರತೆಯ ನಿಯಮ ಪಾಲಿಸಬೇಕು, ಇಲ್ಲದಿದ್ದರೆ ಕೆಲಸ ಬಂದ್. ಹೇಳಿಕೊಡಲು ಪ್ರಭಂಜನ ಅನ್ನುವವರನ್ನು ಕಳಿಸಿದರು. ಧಾರವಾಡದ ಮಾಸ್ತರ ಮನೆತನದವರು, ಮಾತಿಗೆ ಮೊದಲು ಒಮ್ಮೆ ಕನ್ನಡಕ ಸರಿಮಾಡಿಕೊಳ್ಳುವ ಮನುಷ್ಯ. ಅಲ್ಲಿಯ ತನಕ ನಮ್ಮಲ್ಲಿ ಎಲ್ಲರಿಗೂ ಸೇರಿ ಒಂದೇ ಪಾಸ್‌ವರ್ಡ್ ಇತ್ತು, ಅದು ನಮ್ಮ ಕಲ್ಮೇಶ್ವರನ ಹೆಸರೇ. ಹಾಲು ಹಾಕುವವನಿಗೂ ಅದು ಗೊತ್ತಿತ್ತು. ಪ್ರಭಂಜನ ಅವರು ಅದನ್ನು ಕೇಳಿ ನಗಲಿಲ್ಲ, ಬೈಯಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಇರಬೇಕು, ಫೋನು ಬಾಗಿಲ ಹೊರಗೇ ಇಡಬೇಕು, ವೈರಸ್ ತಡೆಯುವ ಸಾಫ್ಟ್‌ವೇರ್ ಯಾವಾಗಲೂ ಚಾಲೂ ಇರಬೇಕು, ಹೊರಗಿನವರ ಪೆನ್‌ಡ್ರೈವ್ ಯಾವ ಕಾರಣಕ್ಕೂ ಕಂಪ್ಯೂಟರಿಗೆ ಹಚ್ಚಬಾರದು ಅಂತ ತಿಳಿಸಿ ಹೇಳಿದರು. ಕೊನೆಗೆ ಎದ್ದು ನಿಂತು ಇನ್ನೊಂದು ಮಾತು ಹೇಳಿದರು.

"ಏನರ ಹೆಚ್ಚುಕಡಿಮಿ ಆದ್ರ ಅವತ್ತ ತಿಳಸ್ರಿ, ಮುಚ್ಚಿಡಬ್ಯಾಡ್ರಿ. ತಪ್ಪು ಎಲ್ಲಾರ ಕಡೆನೂ ಆಗ್ತದ. ಹೇಳಿದವರನ್ನ ನಾವು ಕೈಬಿಡೂದಿಲ್ಲ. ಮುಚ್ಚಿಟ್ಟವರನ್ನ ಮಾತ್ರ ಬಿಡ್ತೀವಿ."

ನಮ್ಮ ಮನೆಯವರು ತಲೆಯಾಡಿಸಿದರು. ಅವರು ತಲೆಯಾಡಿಸಿದ್ದರಲ್ಲಿ ಹೊಸದೇನಿಲ್ಲ, ಯಾರು ಏನು ಹೇಳಿದರೂ ಆಡಿಸುವ ತಲೆ ಅದು. ಕೆಲಸ ಮಾತ್ರ ನನ್ನ ತಲೆಗೆ ಬಂತು. ನಾನು ಬಿ.ಕಾಂ. ಓದಿದವಳು, ಎರಡು ಮಕ್ಕಳಾದ ಮೇಲೆ ಆ ಓದು ಯಾವ ಮೂಲೆಗೆ ಬಿದ್ದಿತ್ತೋ ಏನೋ. ಈ ಜವಾಬ್ದಾರಿಗೆ ನನ್ನ ಹೆಸರು ಬರೆದು, ಕೆಳಗೆ ನಾನೇ ಸಹಿ ಹಾಕಿದಾಗ ಖುಷಿಯಾಯಿತು ಅಂತ ಹೇಳಲು ನಾಚಿಕೆಯೇನಿಲ್ಲ.

ಒಳಗಿನವರನ್ನು ದಾರಿಗೆ ತರುವುದು ಅಷ್ಟು ಕಷ್ಟವಾಗಲಿಲ್ಲ. ಫೋನು ಹಾಕಲು ಬಾಗಿಲ ಬಾಜು ಒಂದು ಸ್ಟೀಲ್ ಡಬ್ಬಿ ಇಟ್ಟೆ. ನಾಲ್ಕು ದಿನ ಗೊಣಗಿದರು, ಆಮೇಲೆ ರೂಢಿಯಾಯಿತು. ಕಷ್ಟವಾದದ್ದು ಹೊರಗಿನವರದು. ಹಿಂದಿನ ಓಣಿಯ ನೀಲಕ್ಕ ತನ್ನ ಪಹಣಿಯನ್ನು ಅಳಿಯನ ಪೆನ್‌ಡ್ರೈವಿನಲ್ಲಿ ತಂದಿದ್ದಳು. ಆಗುವುದಿಲ್ಲ ಅಂದೆ. ಮಗಳ ಹಾಲ್ ಟಿಕೆಟಿಗೆಂದು ಶಹನಾಜ ಬಂದಳು. ಫೋನಿನಿಂದ ಕಳಿಸುತ್ತೇನೆ ಅಂದಳು, ಅದನ್ನೂ ಬೇಡ ಅಂದೆ. ಆಕೆ ಕಲಘಟಗಿಯ ಬಸ್ಸು ಹಿಡಿಯಲು ಓಡಿದ್ದನ್ನು ಗಾಜಿನೊಳಗಿಂದ ನೋಡಿದೆ. ಶೈಲವ್ವಗ ಮಿಲಿಟರಿ ಸೊಕ್ಕು ಬಂದೈತಿ ಅಂತ ಊರಲ್ಲಿ ನನ್ನ ಬಗ್ಗೆ ಮಾತಾಯಿತು. ನನ್ನ ಕಿವಿಗೂ ಬಿತ್ತು. ಬೇಜಾರಾಯಿತು, ಆದರೆ ಬಿಡಲಿಲ್ಲ. ಒಬ್ಬರಿಗೆ ಹೌದು ಅಂದರೆ ಊರಿಗೇ ಹೌದು ಅನ್ನಬೇಕಾಗುತ್ತದೆ. ಹೀಗೆ ಒಬ್ಬೊಬ್ಬರೇ ಬಂದು ತಿರುಗಿ ಹೋದಾಗ ನಮ್ಮ ಮನೆಯವರು ಮಷಿನ್ನಿನ ಹಿಂದೆ ಏನೋ ಹುಡುಕುವವರ ಹಾಗೆ ಬಗ್ಗಿ ನಿಂತುಬಿಡುತ್ತಿದ್ದರು.

ತಪಾಸಣೆ ಬಂತು, ಪಾಸಾದೆವು. ಹಳ್ಳಿಯಲ್ಲಿದ್ದರೂ ಇವರನ್ನು ನೋಡಿ ಕಲಿಯಿರಿ ಅಂತ ಪ್ರಭಂಜನ ಅವರು ಹುಬ್ಬಳ್ಳಿಯ ಬೇರೆ ವರ್ಕ್‌ಶಾಪಿನವರಿಗೆ ಹೇಳಿದರಂತೆ.

ಗೋವಿನಜೋಳ ಮುರಿಯುವ ದಿನಗಳಲ್ಲಿ ಹೊಳೆಪ್ಪ ಸತ್ತ. ನಮ್ಮ ಶೆಡ್ಡಿನ ಹಿಂದಿನ ಹೊಲ ಅವನದು. ಬೆಳಿಗ್ಗೆ ಹೊಲಕ್ಕೆ ಹೋದವನು ಬದುವಿನ ಮೇಲೆ ಕೂತನಂತೆ, ಎದೆ ಹಿಡಿದುಕೊಂಡನಂತೆ, ಅಷ್ಟೇ. ನಾವು ವರ್ಕ್‌ಶಾಪ್ ಶುರುಮಾಡಿದಾಗ ಕರೆಂಟಿನ ಕಂಬ ಅವನ ಹೊಲದ ನಡುವೆಯೇ ಹಾಯಬೇಕಿತ್ತು. ಬೇರೆಯವರಾಗಿದ್ದರೆ ನಮ್ಮನ್ನು ವರ್ಷಗಟ್ಟಲೆ ಅಲೆದಾಡಿಸುತ್ತಿದ್ದರು. ಹೊಳೆಪ್ಪ, ಎಲ್ಲಿ ಬೇಕೋ ಅಲ್ಲಿ ನೆಡಿಸಿಕೊಳ್ಳಿರಿ, ನಾನು ಕಂಬಕ್ಕೆ ಸುತ್ತು ಹಾಕಿ ಕುಂಟೆ ಹೊಡೆಯುತ್ತೇನೆ ಅಂದಿದ್ದ. ಅವನ ಮಗ ಹೇಮಂತ ನಮ್ಮಲ್ಲೇ ಕೆಲಸಕ್ಕಿದ್ದ. ಕಂಪ್ಯೂಟರಿನಿಂದ ನಡೆಯುವ ದೊಡ್ಡ ಮಷಿನ್ನು ಅವನ ಕೈಯಲ್ಲೇ ಇತ್ತು. ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ ನನ್ನನ್ನು ವೈನಿ ಅಂತ ಕರೆಯುತ್ತಿದ್ದ.

ಸುದ್ದಿ ಕೇಳಿದ ಕೂಡಲೇ ವರ್ಕ್‌ಶಾಪ್ ಬಂದ್ ಮಾಡಿ ನಾನು ಅವರ ಮನೆಗೆ ಹೋಗಿ ಹೊಳೆಪ್ಪನ ಹೆಂಡತಿ ಗೌರಕ್ಕನ ಬಾಜು ಕೂತೆ. ಹೊಳೆಪ್ಪನಿಗೆ ವಿಭೂತಿ ಹಚ್ಚಿ, ರುಮಾಲು ಸುತ್ತಿ, ಗೋಡೆಗೆ ಆನಿಸಿ ಕೂಡಿಸಿದ್ದರು. ಭಜನೆಯವರು ಬಂದಿದ್ದರು. ಹೊರಗೆ ಬಿದಿರು ಕಟ್ಟಿ ಹೆಣ ಕೂಡಿಸಿ ಒಯ್ಯುವ ವಿಮಾನ ಮಾಡುತ್ತಿದ್ದರು, ಟ್ರ್ಯಾಕ್ಟರ್ ಆಗಲೇ ಬಂದು ನಿಂತಿತ್ತು. ಈಗ ಕೆಲವು ವರ್ಷಗಳಿಂದ ನಮ್ಮ ಕಡೆ ಒಂದು ಪದ್ಧತಿ ಬಂದಿದೆ. ವಿಮಾನದ ಮುಂದೆ ಸತ್ತವರ ದೊಡ್ಡ ಫೋಟೋ ಕಟ್ಟಿ, ಅದಕ್ಕೆ ಹಾರ ಹಾಕಿ ಮೆರವಣಿಗೆ ಹೊರಡಿಸುತ್ತಾರೆ. ಫೋಟೋ ಇಲ್ಲದ ವಿಮಾನ ಈಗ ಯಾರ ಕಣ್ಣಿಗೂ ಸರಿ ಕಾಣುವುದಿಲ್ಲ. ಹೊಳೆಪ್ಪನದು ಗೋಡೆಯ ಮೇಲೆ ಒಂದು ಫೋಟೋವೂ ಇರಲಿಲ್ಲ. ಅದರ ಹಿಂದಿನ ವರ್ಷ ಮಗಳ ಮದುವೆಯಲ್ಲಿ ತೆಗೆದದ್ದು ಇತ್ತು, ಅದು ಸ್ಟುಡಿಯೋದವನು ಕೊಟ್ಟ ಪೆನ್‌ಡ್ರೈವಿನಲ್ಲಿತ್ತು. ಕಲಘಟಗಿಯಲ್ಲಿ ಬಣ್ಣದ ಫೋಟೋ ಪ್ರಿಂಟ್ ಮಾಡಿಕೊಡುವವನು ಆ ಸ್ಟುಡಿಯೋದವನೊಬ್ಬನೇ, ಅವನು ಎಲ್ಲೋ ಮದುವೆ ತೆಗೆಯಲು ಹೋಗಿ ಅಂಗಡಿಗೆ ಕೀಲಿ ಹಾಕಿದ್ದ. ಧಾರವಾಡಕ್ಕೆ ಹೋಗಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ, ಅದರೊಳಗೆ ಮಣ್ಣು ಆಗಬೇಕು.

"ಹೊಲದಾಗ ದುಡಿಯಾಂವಗ ಫೋಟೋ ಯಾಕಂತಿದ್ದ," ಅಂದಳು ಗೌರಕ್ಕ. ಅಳು ಬತ್ತಿ ದನಿ ಒಣಗಿತ್ತು. "ಈಗ ಊರ ಮಂದಿಗೆ ಮುಖಾ ತೋರಸದಂಗ ಹೊಂಟಾನ ನೋಡವ್ವ."

ಅಲ್ಲಿ ಕೂತ ಹೆಂಗಸರಿಗೆಲ್ಲ ನಮ್ಮ ಪ್ರಿಂಟರ್ ಗೊತ್ತು. ಕೂಗಿದರೆ ಕೇಳುವಷ್ಟು ದೂರದಲ್ಲಿದೆ. ನೀಲಕ್ಕನೂ ಅಲ್ಲೇ ಇದ್ದಳು. ಯಾರೂ ನನ್ನ ಕಡೆ ನೋಡಲಿಲ್ಲ, ನೋಡಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಸತ್ತ ಮನೆಯವರು ಏನು ಕೇಳಿದರೂ ನಮ್ಮಲ್ಲಿ ಇಲ್ಲ ಅನ್ನುವುದಿಲ್ಲ. ಎಷ್ಟು ಹಗೆ ಇದ್ದರೂ ಆ ದಿನ ಎತ್ತು ಕೊಡುತ್ತಾರೆ, ಗಾಡಿ ಕೊಡುತ್ತಾರೆ, ಬಾವಿಯ ನೀರು ಕೊಡುತ್ತಾರೆ. ಗೌರಕ್ಕ ಕೇಳಲಿಲ್ಲ, ನಾನು ಕೊಡುತ್ತೇನೆ ಅನ್ನಲಿಲ್ಲ. ಅವಳ ಕೈ ಹಿಡಿದುಕೊಂಡು ಕೂತೆ. ನನ್ನ ಮೇಲೆ ನನಗೇ ಹೇಸಿಕೆ ಬಂದಿತ್ತು.

ಸ್ವಲ್ಪ ಹೊತ್ತಿಗೆ ಹೊರಗೆ ಗದ್ದಲವಾಯಿತು. ಫೋಟೋ ಬಂತು ಅಂದರು. ಯಾರೋ ರಟ್ಟಿಗೆ ಅಂಟಿಸಿ ಪ್ಲಾಸ್ಟಿಕ್ ಹೊದಿಸಿ ಒಳಗೆ ತಂದು ಗೌರಕ್ಕನ ಮುಂದೆ ಹಿಡಿದರು. ಗುಲಾಬಿ ರುಮಾಲು, ಹೊಸ ಅಂಗಿ, ಮಗಳನ್ನು ಧಾರೆ ಎರೆದುಕೊಟ್ಟ ದಿನದ ನಗು. ಅಷ್ಟು ಚೆಂದದ ಹೊಳೆಪ್ಪನನ್ನು ಊರು ಒಮ್ಮೆಯೂ ನೋಡಿರಲಿಲ್ಲ. ಗೌರಕ್ಕ ಅದನ್ನು ಎದೆಗೆ ಅವುಚಿಕೊಂಡು ಮತ್ತೆ ಅಳಲು ಶುರುಮಾಡಿದಳು, ಆದರೆ ಈ ಸಲದ ಅಳು ಬೇರೆ ಇತ್ತು. ಎಲ್ಲರೂ ಅವನ ಮುಖ ನೋಡುತ್ತಿದ್ದರು. ನಾನು ನೋಡಿದ್ದು ಎಡಗಡೆಯ ಅಂಚಿನಲ್ಲಿ ಮೇಲಿಂದ ಕೆಳಗೆ ಇಳಿದ ಸಣ್ಣ ನೀಲಿ ಗೆರೆ. ನಮ್ಮ ಪ್ರಿಂಟರ್ ಎಲ್ಲ ಹಾಳೆಗೂ ಅದನ್ನು ಎಳೆಯುತ್ತದೆ.

ಮಣ್ಣು ಕೊಟ್ಟು ಬಂದು, ಸ್ನಾನ ಮಾಡಿ, ನಾನು ನೇರ ವರ್ಕ್‌ಶಾಪಿಗೆ ನಡೆದೆ. ನಮ್ಮ ಮನೆಯವರು ಹಿಂದೆಯೇ ಬಂದರು. ಕಂಪ್ಯೂಟರ್ ಚಾಲೂ ಮಾಡಿದರೆ ವೈರಸ್ ತಡೆಯುವ ಸಾಫ್ಟ್‌ವೇರ್ ಬಂದ್ ಆಗಿತ್ತು. ಆಗ ಬಾಯಿಬಿಟ್ಟರು. ನಾನು ಗೌರಕ್ಕನ ಬಾಜು ಕೂತಿದ್ದಾಗ, ಇವರೊಬ್ಬರೇ ಇದ್ದ ವರ್ಕ್‌ಶಾಪಿಗೆ ಹೇಮಂತ ಬಂದು ಬಾಗಿಲಲ್ಲಿ ನಿಂತಿದ್ದನಂತೆ. ಮುಷ್ಟಿಯಲ್ಲಿ ಪೆನ್‌ಡ್ರೈವ್ ಇತ್ತು, ಬಾಯಲ್ಲಿ ಮಾತಿರಲಿಲ್ಲ. ನಿಯಮ ಅವನಿಗೂ ಗೊತ್ತಲ್ಲ. ನಾನೇ ಅವನ ಮುಷ್ಟಿ ಬಿಡಿಸಿ ಅದನ್ನು ಇಸಿದುಕೊಂಡೆ ಅಂದರು. ಹಚ್ಚಿದ ಕೂಡಲೇ ಕಂಪ್ಯೂಟರ್ ಕೆಂಪಗೆ ಎಚ್ಚರಿಕೆ ತೋರಿಸಿ ಫೋಟೋ ತೆರೆಯಲು ಬಿಡಲಿಲ್ಲ. ಅಲ್ಲಿ ಹೆಣ ಕಾಯುತ್ತಿತ್ತು. ಇವರು ಆ ಸಾಫ್ಟ್‌ವೇರನ್ನೇ ಬಂದ್ ಮಾಡಿದರು. ಮದುವೆಯ ಫೋಲ್ಡರ್ ಒತ್ತಿದರೆ ಒಂದು ಕರಿ ಚೌಕ ಕಂಡು ಮಾಯವಾಯಿತಂತೆ, ಇನ್ನೊಮ್ಮೆ ಒತ್ತಿದ ಮೇಲೆ ಫೋಟೋ ತೆರೆಯಿತಂತೆ.

ನಾನು ಸಾಫ್ಟ್‌ವೇರ್ ಮತ್ತೆ ಚಾಲೂ ಮಾಡಿ ಎಲ್ಲ ಹುಡುಕಿಸಿದೆ. ವೈರಸ್ ಸಿಕ್ಕಿತು. ತೆಗೆದಿದ್ದೇನೆ ಅಂತ ಹಸಿರು ಗುರುತು ತೋರಿಸಿತು. ಡ್ರಾಯಿಂಗುಗಳೆಲ್ಲ ಇದ್ದಲ್ಲೇ ಇದ್ದವು.

"ತೆಗದ ಬಿಟ್ಟೈತೆಲ್ಲ, ಮತ್ತೇನ?" ಅಂದರು.

"ಮಧ್ಯಾಹ್ನದಿಂದ ಇಷ್ಟೊತ್ತನಕಾ ಅದು ಒಳಗ ಕುಂತಿತ್ತು. ಏನೇನ ಹೊರಗ ಹೋಗೇತಿ ಅಂತ ನಿಮಗ ಗೊತ್ತೈತೇನ್ರಿ?"

"ನಾಕು ತೂತಿನ ಬ್ರಾಕೆಟ್ ಅದು, ಶೈಲಾ. ಅದನ್ನ ತಗೊಂಡು ಯಾರ ಯುದ್ಧಾ ಮಾಡ್ತಾರ?"

ನನಗೂ ಹಾಗೇ ಅನ್ನಿಸುತ್ತಿತ್ತು, ಅದೇ ಕಷ್ಟ. ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಮರುದಿನ ಮಷಿನ್ ಚಾಲೂ ಆಗುತ್ತಿತ್ತು, ಮಾಲು ಹೋಗುತ್ತಿತ್ತು, ಗುಟ್ಟು ಗಂಡ ಹೆಂಡತಿಯ ನಡುವೆ ಸಾಯುತ್ತಿತ್ತು. ಹೇಳಿದರೆ ಗೇಟಿಗೆ ಕೀಲಿ ಬೀಳಬಹುದು, ಆರೇಳು ಮನೆ ಬೀದಿಗೆ ಬರಬಹುದು. ಇಷ್ಟೆಲ್ಲ ಗೊತ್ತಿದ್ದೂ ನನ್ನ ಮನಸ್ಸು ಒಪ್ಪಲಿಲ್ಲ. ದೇಶಭಕ್ತಿ ಅಂತ ಯಾರಾದರೂ ತಿಳಿದುಕೊಂಡರೆ ಅದು ಸುಳ್ಳು. ನನ್ನ ಕಣ್ಣ ಮುಂದೆ ಇದ್ದದ್ದು ಬಸ್ಸಿಗೆ ಓಡಿದ ಶಹನಾಜ. ಇದೇ ನಿಯಮದ ಹೆಸರಲ್ಲಿ ನಾನು ಅವಳನ್ನು, ನೀಲಕ್ಕನನ್ನು, ಇನ್ನೂ ಎಷ್ಟೋ ಮಂದಿಯನ್ನು ಬಾಗಿಲಿಂದ ಕಳಿಸಿದ್ದೆ. ಈಗ ನಮ್ಮ ಬುಡಕ್ಕೆ ಬಂದಾಗ ಮುಚ್ಚಿಟ್ಟರೆ ಊರವರು ಅಂದ ಸೊಕ್ಕಿನ ಮಾತೇ ನಿಜವಾಗುತ್ತದೆ. ಅದಲ್ಲದೆ ಪ್ರಭಂಜನ ಅವರ ಮಾತಿನ ಮೇಲೆ ನನಗೆ ಭರವಸೆ ಇತ್ತು. ಹೇಳಿದವರನ್ನು ಕೈಬಿಡುವುದಿಲ್ಲ ಅಂದಿದ್ದರಲ್ಲ.

ಫೋನು ಕೈಗೆ ತೆಗೆದುಕೊಂಡಾಗ ನಮ್ಮ ಮನೆಯವರು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ತಡೆಯಲಿಲ್ಲ. "ಹೇಳೂದಿದ್ರ ಹೇಳು," ಅಂದರು. "ಹೊಳೆಪ್ಪನ ಹೆಸರ ಮಾತ್ರ ತಗೀಬ್ಯಾಡ." ಹಾಗೇ ಮಾಡಿದೆ. ಹೊರಗಿನ ಪೆನ್‌ಡ್ರೈವ್ ಒಂದನ್ನು ನಾವು ಹಚ್ಚಿದೆವು, ವೈರಸ್ ಬಂತು ಅಂತ ಹೇಳಿದೆ. ಪ್ರಭಂಜನ ಅವರು, ಹೇಳಿದ್ದು ಒಳ್ಳೆಯದಾಯಿತು, ಕಂಪ್ಯೂಟರ್ ಮುಟ್ಟಬೇಡಿರಿ ಅಂದರು.

ಮರುದಿನ ಬಂದವರಲ್ಲಿ ಅವರಿರಲಿಲ್ಲ. ನಮ್ಮ ಹೆಸರು ಮುಖ ಯಾವುದೂ ಗೊತ್ತಿಲ್ಲದ ಇಬ್ಬರು ಬಂದು, ಕಂಪ್ಯೂಟರನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ, ಟೇಪು ಸುತ್ತಿ ಗಾಡಿಗೆ ಏರಿಸಿದರು. ತನಿಖೆ ಮುಗಿಯುವ ತನಕ ಕೆಲಸ ನಿಲ್ಲಿಸಬೇಕು ಅಂದರು. ಟ್ರೇಯಲ್ಲಿ ಅರ್ಧ ಕೊರೆದ ಬ್ರಾಕೆಟುಗಳಿದ್ದವು, ಅವನ್ನೂ ಒಯ್ದರು. ಹೇಮಂತ ಆ ದಿನ ಬರಬೇಕಾಗಿರಲಿಲ್ಲ, ಮನೆಯಲ್ಲಿ ಇನ್ನೂ ಸೂತಕದ ಮಂದಿ ಇದ್ದರು. ಆದರೂ ಬಂದು, ದೊಡ್ಡ ಮಷಿನ್ನು ಒರೆಸಿ, ಅದರ ಮೇಲೆ ಹಳೆಯ ಚಾದರ ಹೊದಿಸಿ ಹೋದ.

ತನಿಖೆ ಮುಗಿಯಿತು ಅಂತ ಯಾರೂ ಹೇಳಲೇ ಇಲ್ಲ. ಮೊದಮೊದಲು ನಡೆದಿದೆ ಅಂತ ಉತ್ತರ ಬರುತ್ತಿತ್ತು, ಆಮೇಲೆ ಉತ್ತರವೂ ನಿಂತಿತು. ನಮ್ಮ ಬ್ರಾಕೆಟ್ ಈಗ ಬೇರೆ ಕಡೆ ಆಗುತ್ತಿದೆ ಅಂತ ಹುಬ್ಬಳ್ಳಿಯ ಒಬ್ಬ ವ್ಯಾಪಾರಿಯಿಂದ ತಿಳಿಯಿತು. ಒಂದು ಮಧ್ಯಾಹ್ನ ಪ್ರಭಂಜನ ಅವರು ತಮ್ಮ ಬೈಕಿನ ಮೇಲೆ ಬಂದರು. ಕಂಪನಿಯವರು ಕಳಿಸಿರಲಿಲ್ಲ. ಹೊರಗೆ ಕುರ್ಚಿ ಹಾಕಿದೆ, ಚಹಾ ಕೊಟ್ಟೆ, ಅದು ಆರುವ ತನಕ ಕೈಯಲ್ಲೇ ಹಿಡಿದು ಕೂತರು.

"ನೀವಽ ತಿಳಸಿದ್ರಿ ಅಂತ ನಾ ಸ್ಪಷ್ಟ ಬರದೀನ್ರಿ," ಅಂದರು. "ಮ್ಯಾಲಿನವರು ಏನಾತು ಅನ್ನೂದಷ್ಟ ಓದ್ತಾರ. ಯಾರ ಹೇಳಿದ್ರು ಅನ್ನೂದು ಓದೂದಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ತಮ್ಮ ಕೈಯಲ್ಲಿ ಇಲ್ಲದ್ದನ್ನು ಕೊಡುತ್ತೇನೆ ಅಂತ ಯಾಕೆ ಹೇಳಬೇಕಿತ್ತು ಈ ಮನುಷ್ಯ? ಬಾಯಿತುದಿಗೆ ಬಂದದ್ದನ್ನು ನುಂಗಿಕೊಂಡೆ. ಅವರ ಮುಖ ನೋಡಿದರೆ ಅವರೂ ನಂಬಿಯೇ ಹೇಳಿದ್ದರು ಅಂತ ಕಾಣುತ್ತಿತ್ತು. ಹೋಗುವಾಗ ಕನ್ನಡಕ ತೆಗೆದು ಒರೆಸಿಕೊಂಡರು.

ಒಬ್ಬೊಬ್ಬರನ್ನೇ ಕರೆದು, ಬೇರೆ ಕಡೆ ನೋಡಿಕೊಳ್ಳಿರಿ ಅಂತ ಹೇಳುವ ಕೆಲಸವೂ ನನಗೇ ಬಂತು. ನಮ್ಮ ಮನೆಯವರಿಂದ ಅದು ಆಗುವಂತಿರಲಿಲ್ಲ. ಹೇಮಂತನಿಗೆ ಕೊನೆಗೆ ಹೇಳಿದೆ. ಅವನು, ಗೊತ್ತಿತ್ರಿ ವೈನಿ ಅಂದ. ಎಲ್ಲಿಂದ ಶುರುವಾಯಿತು ಅನ್ನುವುದನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಧಾರವಾಡದ ಕಡೆ ಒಂದು ಕಾರ್ಖಾನೆಯಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ಸಿಕ್ಕಿತು ಅವನಿಗೆ. ಅಷ್ಟು ಚೆಂದ ಮಷಿನ್ ನಡೆಸುವ ಕೈಗೆ ಪೆಟ್ಟಿಗೆ ಕಟ್ಟುವ ಕೆಲಸ. ನಮ್ಮಲ್ಲಿ ಈಗ ಟ್ರ್ಯಾಕ್ಟರಿನ ಪಿನ್ನು, ನೇಗಿಲು ರಂಟೆಯ ರಿಪೇರಿ ಅಂತ ಒಂದು ಲೇತ್ ಅರ್ಧ ದಿನ ತಿರುಗುತ್ತದೆ.

ಹೊಳೆಪ್ಪ ಹೋಗಿ ಕೆಲವು ತಿಂಗಳಾಗಿರಬೇಕು, ಮನೆಯ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಗೌರಕ್ಕ ಬಂದಳು. ಉಡಿಯಲ್ಲಿ ಶೇಂಗಾ ಕಟ್ಟಿಕೊಂಡು ಬಂದಿದ್ದಳು. ಒಳಗೆ ಬರ್ರಿ ಅಂದರೆ ಬರಲಿಲ್ಲ, ಹೊಸ್ತಿಲ ಹೊರಗೇ ಕೂತಳು. ನಮ್ಮ ಮನೆಯವರು ಒಳಗಿನ ಕೋಣೆಯಲ್ಲಿದ್ದರು.

"ಹೇಮ್ಯಾ ನನಗ ಎಲ್ಲಾ ಹೇಳ್ಯಾನವ್ವ," ಅಂದಳು.

ನನ್ನ ಕೈ ನಿಂತಿತು.

"ಮಷಿನ್ನಿನ ಮ್ಯಾಲ ಲಕ್ಷ್ಯ ಇಲ್ಲದಂಗ ಕೆಲಸಾ ಮಾಡಿ ಮಾಲ ಕೆಡಸಿದ್ನಂತ. ಅದಕಽ ಕಂಪನಿಯವರು ನಿಮಗ ಕೆಲಸಾ ಕೊಡೂದ ಬಿಟ್ರಂತ. ನಾನಽ ಗಂಟ ಬಿದ್ದ ಕೇಳಿದ್ಯಾ, ಊರಾಗಿನ ಕಾರ್ಖಾನಿ ಬಿಟ್ಟು ಧಾರವಾಡಕ್ಕ ಯಾಕ ಹೊಂಟಿ ಅಂತ. ಆಗ ಹೇಳಿದ."

 ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅವರಪ್ಪ ಸತ್ತ ದಿನಾ ನಿನ್ನ ಗಂಡ ಮಾಡಿಕೊಟ್ಟ ಫೋಟೋ ಒಂದಽ ನೋಡವ್ವ ನನಗ ಉಳದದ್ದು. ಮುಂಜಾನೆ ಎದ್ದ ಕೂಡ್ಲೆ ಅದರ ಮುಖಾ ನೋಡ್ತೀನಿ. ಅಂಥಾ ಮನಿಯವರ ಅನ್ನದಾಗ ನನ್ನ ಮಗ ಮಣ್ಣ ಹಾಕಿದ್ನಲ್ಲ. ಅವನ ಜೋಡಿ ನಾ ಮಾತ ಬಿಟ್ಟೀನಿ. ನೀನರ ಹೇಳು, ಖರೇನಽ ಅವನ ಕೈಲೆ ಆಗೇತೇನ?"

ಆ ಫೋಟೋದಿಂದಲೇ ಎಲ್ಲ ಆಯಿತು ಅಂತ ಒಂದು ಮಾತು ಹೇಳಿದ್ದರೆ ಅವಳಿಗೆ ಮಗ ಉಳಿಯುತ್ತಿದ್ದ. ಆದರೆ ಆಮೇಲೆ ಆ ಫೋಟೋವನ್ನು ಅವಳು ಗೋಡೆಯ ಮೇಲೆ ಹೇಗೆ ನೋಡಬೇಕು? ಇದನ್ನೆಲ್ಲ ಹೇಮಂತ ನನಗಿಂತ ಮೊದಲೇ ಯೋಚಿಸಿ, ತಪ್ಪು ಹೊತ್ತುಕೊಂಡು ಕೂತಿದ್ದ. ನಮ್ಮ ಮನೆಯವರು ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. ಅವರ ತುಟಿ ಅಲುಗಿದ್ದು ಕಂಡಿತು. ಅವರು ಬಾಯಿ ತೆಗೆಯುವ ಮೊದಲು ನಾನು ಮಾತಾಡಿದೆ. ಬೆಳಗಾವಿಯ ಕಂಪನಿಯವರಿಂದ ಒಂದು ರಾತ್ರಿ ಕೂಡ ಸತ್ಯ ಮುಚ್ಚಿಡಲಾಗದವಳು ನಾನು.

"ಹೌದು ಗೌರಕ್ಕ. ಮಾಲ ಸ್ವಲ್ಪ ಕೆಟ್ಟಿತ್ತು," ಅಂದೆ. "ಆದ್ರ ದೊಡ್ಡ ತಪ್ಪಲ್ರಿ ಅದು, ಯಾರ ಕೈಲೆ ಬೇಕಾದ್ರೂ ಆಗ್ತಿತ್ತು. ಅವನ ಜೋಡಿ ಮಾತಾಡ್ರಿ."

ಅವಳು ತಲೆಯಾಡಿಸಿದಳು. ಉಡಿಯ ಶೇಂಗಾವನ್ನು ನನ್ನ ಮೊರಕ್ಕೆ ಸುರಿದು, ನಮ್ಮ ಮನೆಯವರಿಗೆ ಕೈಮುಗಿದು ಹೋದಳು. ಅವರು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದರು. ನಾನು ಜೋಳದಿಂದ ಶೇಂಗಾ ಬೇರೆ ಮಾಡಿದೆ.

ಮರುದಿನ ಬೆಳಿಗ್ಗೆ ಧಾರವಾಡದ ಬಸ್ಸಿಗೆ ಕಾಯುತ್ತ ಹೇಮಂತ ನಿಂತಿದ್ದ. ಅವ್ವ ಮಾತಾಡಿಸಿದಳೇನು ಅಂತ ಕೇಳಿದೆ.

"ಇಲ್ರಿ ವೈನಿ," ಅಂದ. "ಇರ್ಲಿ ಬಿಡ್ರಿ. ಫೋಟೋಕ್ಕ ದಿನಾ ಹೂವ ಏರಸ್ತಾಳ."

ಬಸ್ಸು ಬಂತು, ಹತ್ತಿದ.